‘ಮಡಿ’ ಎಂಬ ಎರಡಕ್ಷರ

ಕಳೆದ ಶ್ರಾವಣಮಾಸದಲ್ಲಿ ನಮ್ಮ ಮಠದ ಪ್ರಸಾದನಿಲಯದಲ್ಲಿ ಇದ್ದು ಓದಿ, ಈಗ ದೂರದ ನಗರದಲ್ಲಿ ಎಂಜಿನಿಯರರಾಗಿರುವ ಹಳೆಯ ವಿದ್ಯಾರ್ಥಿಯೊಬ್ಬರು ಸಕುಟುಂಬರಾಗಿ ದರ್ಶನಕ್ಕೆ ಬಂದಿದ್ದರು. ಅವರ ಮಗಳು ಏಳನೆಯ ಇಯತ್ತೆಯಲ್ಲಿ ಓದುತ್ತಿರುವ ಚುರುಕು ಬುದ್ಧಿಯ ಬಾಲೆ. ಪ್ರಸಾದವಾದ ಮೇಲೆ ಆಕೆ ನನ್ನ ಬಳಿ ಬಂದು, “ಅಜ್ಜಾರ, ನಮ್ಮ ಪಾಠದಲ್ಲಿ ‘ಯುದ್ಧದಲ್ಲಿ ಅನೇಕ ಸೈನಿಕರು ಮಡಿದರು’ ಅಂತ ಇದೆ. ನಮ್ಮಮ್ಮ ಪೂಜೆಗೆ ಕೂತಾಗ ‘ನಾನು ಮಡಿಯಲ್ಲಿದ್ದೇನೆ, ಮುಟ್ಟಬೇಡ’ ಅಂತಾಳೆ. ಎರಡೂ ಒಂದೇ ಮಡಿಯೇನು?” ಎಂದು ಕೇಳಿದಳು. ಸುತ್ತಲಿದ್ದವರೆಲ್ಲ ನಕ್ಕರು. ತಾಯಿ ನಾಚಿಕೊಂಡು ಮಗಳನ್ನು ಗದರಿಸಿದರು. ನಾನೂ ನಕ್ಕು, ಎರಡು ಮಾತಿನಲ್ಲಿ ಏನೋ ಉತ್ತರ ಹೇಳಿ ಕಳುಹಿಸಿದೆ. ಆದರೆ ಆ ರಾತ್ರಿ ನಿದ್ರೆ ಬರಲಿಲ್ಲ. ಆ ಕೂಸು ಕೇಳಿದ್ದು ವ್ಯಾಕರಣದ ಪ್ರಶ್ನೆ. ನನ್ನೊಳಗೆ ಎದ್ದುದು ನಾಲ್ಕು ದಶಕಗಳ ಹಿಂದಿನ ಒಂದು ಲೆಕ್ಕ. ಆ ಎರಡನ್ನೂ ಓದುಗ ಭಕ್ತರ ಮುಂದೆ ಇಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ಪೀಠದ ಮೇಲಿರುವವರು ತಮ್ಮನ್ನು ‘ನಾವು’ ಎಂದು ಕರೆದುಕೊಳ್ಳುವುದು ರೂಢಿ. ಆದರೆ ಇಲ್ಲಿ ಹೇಳಬೇಕಾದದ್ದು ಒಬ್ಬ ಹುಡುಗನ ತಪ್ಪು. ತಪ್ಪಿಗೆ ಬಹುವಚನ ಸಲ್ಲದು. ಆದ್ದರಿಂದ ‘ನಾನು’ ಎಂದೇ ಬರೆಯುತ್ತೇನೆ.

ನಾನು ಹುಟ್ಟಿ ಬೆಳೆದದ್ದು ಧಾರವಾಡ ತಾಲೂಕಿನ ಗರಗದಲ್ಲಿ, ಅಯ್ಯನವರ ಮನೆಯಲ್ಲಿ. ಗರಗವೆಂದರೆ ಎರಡು ಕಾರಣಕ್ಕೆ ನಾಡಿಗೆಲ್ಲ ಪರಿಚಿತ. ಒಂದು, ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿದ್ದು ಜನರ ಮನಸ್ಸಿನಲ್ಲಿ ನೆಲೆನಿಂತ ಮಡಿವಾಳಜ್ಜನವರ ಗದ್ದುಗೆ. ಇನ್ನೊಂದು, ೧೯೫೪ರಲ್ಲಿ ಸ್ಥಾಪನೆಯಾದ ಗರಗ ಕ್ಷೇತ್ರೀಯ ಸೇವಾ ಸಂಘದಲ್ಲಿ ರಾಷ್ಟ್ರಧ್ವಜಕ್ಕಾಗಿ ನೇಯುವ ಖಾದಿ ಬಟ್ಟೆ. ಒಂದು ಬಟ್ಟೆಯನ್ನು ಶುಭ್ರಗೊಳಿಸುವವನ ಹೆಸರು, ಇನ್ನೊಂದು ಬಟ್ಟೆಯೇ. ಇವೆರಡರ ನಡುವೆ ಬೆಳೆದ ನನಗೆ ಬಟ್ಟೆಯ ಅರ್ಥ ತಿಳಿಯಲು ಬಹಳ ವರ್ಷ ಬೇಕಾದುವು.

ನಮ್ಮ ಓಣಿಯ ಬಟ್ಟೆಗಳನ್ನು ಒಗೆಯುತ್ತಿದ್ದವಳು ಅಗಸರ ಮನೆಯ ಒಬ್ಬ ಹೆಣ್ಣುಮಗಳು. ಆಕೆಯನ್ನು ಊರ ಮಕ್ಕಳೆಲ್ಲ ‘ಆಯಿ’ ಎನ್ನುತ್ತಿದ್ದೆವು. ವಾರಕ್ಕೊಮ್ಮೆ ಬಂದು ಗಂಟು ಕಟ್ಟಿಕೊಂಡು ಹೋಗುತ್ತಿದ್ದಳು. ಚೌಳು ಮಣ್ಣಿನಲ್ಲಿ ನೆನೆಸಿ, ಉಬ್ಬೆಗೆ ಹಾಕಿ, ಹಳ್ಳದ ಕಲ್ಲಿನ ಮೇಲೆ ಬಡಿದು, ನೀಲಿ ಅದ್ದಿ ಒಣಗಿಸಿ, ಮಡಿಕೆ ಮಾಡಿ ತರುತ್ತಿದ್ದಳು. ಓದು ಬರಹ ತಿಳಿಯದ ಆಕೆ ನೂರಾರು ಬಟ್ಟೆಗಳಲ್ಲಿ ಯಾವುದು ಯಾರ ಮನೆಯದೆಂಬುದನ್ನು ಕೇರಿನ ಗುರುತಿನಿಂದ ಹೇಳುತ್ತಿದ್ದಳು, ಒಮ್ಮೆಯೂ ತಪ್ಪಿದ್ದಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಬಂದಾಗ ಆಯದ ಜೋಳ, ಹಬ್ಬಕ್ಕೆ ಒಂದು ಹೋಳಿಗೆ. ಇಷ್ಟು ಆಕೆಗೆ ಸಲ್ಲುತ್ತಿದ್ದ ಸಂಭಾವನೆ.

ನನಗೆ ಹತ್ತು ವರ್ಷವಾಗಿದ್ದಾಗ ಅಯ್ಯಾಚಾರವಾಯಿತು. ದೀಕ್ಷೆಯ ಹೊಸ ಹುರುಪು. ಮೂರು ಹೊತ್ತು ಲಿಂಗಪೂಜೆ, ಹಣೆ ತುಂಬ ವಿಭೂತಿ, ನಡೆಯಲ್ಲಿ ನುಡಿಯಲ್ಲಿ ದೊಡ್ಡವರ ಠೀವಿ. ಆ ವರ್ಷದ ಶಿವರಾತ್ರಿಯ ಬೆಳಗು ಸ್ನಾನ ಮಾಡಿ ಪಡಸಾಲೆಯಲ್ಲಿ ನಿಂತಿದ್ದೆ. ಆಯಿ ಒಗೆದ ಬಟ್ಟೆಗಳನ್ನು ತಂದಳು. ಮೇಲಿದ್ದ ನನ್ನ ಪಂಚೆಯನ್ನು ತೆಗೆದು, ಕಟ್ಟೆಯ ಕೆಳಗೆ ನಿಂತುಕೊಂಡೇ, “ಹಿಡಿ ಯಪ್ಪಾ, ಹಬ್ಬದ ಪೂಜಾಕ್ಕ ಉಟ್ಟಕೋ” ಎಂದು ನನ್ನ ಕೈಗೆ ನೀಡಿದಳು. ನಾನು ಎರಡು ಹೆಜ್ಜೆ ಹಿಂದೆ ಸರಿದು, “ಅಲ್ಲೇ ಇಡು. ನಾ ಮಡಿಯೊಳಗ ಅದೀನಿ, ಮುಟ್ಟಬ್ಯಾಡ” ಎಂದೆ.

ಆಯಿ ಸಿಟ್ಟಾಗಲಿಲ್ಲ. ಪಂಚೆಯನ್ನು ಕಟ್ಟೆಯ ಮೇಲೆ ಇಟ್ಟಳು. “ಆತು ತಗೋ ಯಪ್ಪಾ. ಇಷ್ಟೊತ್ತು ನಿನ್ನ ಮಡಿ ನನ್ನ ಕೈಯಾಗ ಇತ್ತು, ಈಗ ಕಟ್ಟೀಮ್ಯಾಲೆ ಐತಿ” ಎಂದು ಹೇಳಿ ಗಂಟು ಎತ್ತಿಕೊಂಡು ಹೋದಳು. ಒಳಗಿನಿಂದ ನಮ್ಮ ಅಜ್ಜಿ ಬಂದು ಪಂಚೆಯ ಮೇಲೆ ನೀರು ಚಿಮುಕಿಸಿ ನನಗೆ ಕೊಟ್ಟಳು. ನಾನು ಮಾಡಿದ್ದು ತಪ್ಪೆಂದು ಮನೆಯಲ್ಲಿ ಯಾರೂ ಹೇಳಲಿಲ್ಲ. ಹಾಗೆ ಯಾರೂ ಹೇಳದಿದ್ದುದರಿಂದಲೇ ಅದು ಸರಿಯೆಂದು ನಾನು ಕಲಿತೆ.

ಮುಂದೆ ಮಠದ ಪಾಠಶಾಲೆಯಲ್ಲಿ ಸಂಸ್ಕೃತ ಓದುವಾಗ ಗುರುಗಳು ‘ಮಡಿ’ಯನ್ನು ‘ಶೌಚ’ವೆಂದು ಅರ್ಥೈಸಿದರು. ಅದು ಅಂತರಂಗ, ಬಹಿರಂಗವೆಂದು ಎರಡು ವಿಧ. ಆ ವಿವರಣೆ ಹಿರಿದಾದುದೇ. ಆದರೆ ಆ ಶಬ್ದ ಎಲ್ಲಿಂದ ಬಂತೆಂಬುದನ್ನು ತಿಳಿದದ್ದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಓದುತ್ತಿದ್ದಾಗ. ಗ್ರಂಥಾಲಯದಲ್ಲಿ ಒಂದು ಮಧ್ಯಾಹ್ನ ಬೇರೆ ಯಾವುದೋ ಶಬ್ದವನ್ನು ಹುಡುಕುತ್ತ, ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ಅವರ ನಿಘಂಟಿನ ಪುಟ ತಿರುವುತ್ತಿದ್ದೆ. ‘ಮಡಿ’ ಕಣ್ಣಿಗೆ ಬಿತ್ತು. ಒಂದಲ್ಲ, ಹಲವು ಮಡಿಗಳು ಸಾಲಾಗಿ ನಿಂತಿದ್ದವು.

ಮೊದಲನೆಯ ಅರ್ಥ ಬಾಗು, ಮಡಚು. ಬಟ್ಟೆಯನ್ನು ಮಡಿಸುತ್ತೇವೆ, ಕಾಗದವನ್ನು ಮಡಿಸುತ್ತೇವೆ. ಒಂದು ಬಟ್ಟೆಯನ್ನು ಒಮ್ಮೆ ಮಡಿಸಿದರೆ ಎರಡು ಪದರು, ಮತ್ತೆ ಮಡಿಸಿದರೆ ನಾಲ್ಕು. ಹೀಗೆ ಮಡಿಸುವ ಕ್ರಿಯೆಯಿಂದಲೇ ಎಣಿಕೆ ಹುಟ್ಟಿತು. ಇಮ್ಮಡಿ, ಮುಮ್ಮಡಿ, ನೂರ್ಮಡಿ ಎಂಬ ಮಾತುಗಳಲ್ಲಿ ಇರುವುದು ಆ ಮಡಿಯೇ. ಬಾದಾಮಿಯ ದೊರೆಯನ್ನು ಇಮ್ಮಡಿ ಪುಲಿಕೇಶಿಯೆನ್ನುತ್ತೇವೆ. ಮೈಸೂರಿನ ಅರಸರನ್ನು ಮುಮ್ಮಡಿ ಕೃಷ್ಣರಾಜರು, ನಾಲ್ವಡಿ ಕೃಷ್ಣರಾಜರು ಎನ್ನುತ್ತೇವೆ. ‘ನಾಲ್ವಡಿ’ಯಲ್ಲಿ ಮಕಾರವು ವಕಾರವಾಗಿದೆ, ಅಷ್ಟೇ ವ್ಯತ್ಯಾಸ. ಇಂಗ್ಲಿಷಿನಲ್ಲಿಯೂ ಮಡಿಸುವುದಕ್ಕೆ ‘ಫೋಲ್ಡ್’ ಎನ್ನುತ್ತಾರೆ. ಇಮ್ಮಡಿಗೆ ‘ಟೂಫೋಲ್ಡ್’ ಎನ್ನುತ್ತಾರೆ. ಸಾವಿರಾರು ಹರದಾರಿ ದೂರದಲ್ಲಿ, ಸಂಬಂಧವಿಲ್ಲದ ಎರಡು ಭಾಷೆಗಳನ್ನಾಡುವ ಜನ ಬಟ್ಟೆಯ ಮಡಿಕೆಯನ್ನು ನೋಡಿಯೇ ಎಣಿಸಲು ಕಲಿತರೆಂಬುದು ಸೋಜಿಗವಲ್ಲವೆ?

ಉಟ್ಟ ಸೀರೆಯ ಸೆರಗು ಮಡಿದು ನಿಲ್ಲುವ ಸ್ಥಳ ಮಡಿಲು. ಹಳೆಯ ಮೈಸೂರು ಸೀಮೆಯಲ್ಲಿ ಬಸುರಿಗೆ ಮಡಿಲು ತುಂಬುತ್ತಾರೆ; ನಮ್ಮಲ್ಲಿ ಉಡಿ ತುಂಬುತ್ತೇವೆ. ‘ಉಡಿ’ಯೂ ಉಡುವುದರಿಂದ ಬಂದದ್ದು. ತಾಯಿಯ ತೊಡೆಗೆ ಕನ್ನಡಿಗರು ಎರಡೂ ಕಡೆ ಬಟ್ಟೆಯಿಂದಲೇ ಹೆಸರಿಟ್ಟರು.

ಇನ್ನೊಂದು ಮಡಿ ಹೊಲದ್ದು. ಮೆಣಸಿನ ಸಸಿ, ಉಳ್ಳಾಗಡ್ಡಿಯ ಸಸಿ ಬೆಳೆಸಲು ರೈತರು ಕಟ್ಟುವ ಪಾತಿಗೆ ಮಡಿಯೆಂದೇ ಹೆಸರು. ನೆಲಮಟ್ಟಕ್ಕಿಂತ ಎತ್ತರಿಸಿದರೆ ಏರುಮಡಿ. ತೆಲುಗಿನಲ್ಲಿ ಬತ್ತದ ಗದ್ದೆಗೇ ಮಡಿ ಎನ್ನುತ್ತಾರೆ. ಮತ್ತೊಂದು ಮಡಿ ಸಾವಿನದು. ಬಾಗಿ, ಮುದುಡಿ, ಕೊನೆಗೆ ಮಡಿಯುವುದು. ತಮಿಳಿನಲ್ಲಿಯೂ ಇದೇ ಧಾತುವಿಗೆ ಮಡಚು ಎಂಬ ಅರ್ಥವೂ ಸಾಯು ಎಂಬ ಅರ್ಥವೂ ಇವೆ. ದಿನದ ಕೊನೆಗೆ ಹಾಸಿಗೆಯನ್ನು ಮಡಿಸಿಡುವಂತೆ ಬದುಕನ್ನೂ ಮಡಿಸಿಡುವುದೆಂದು ನಮ್ಮ ಹಿರಿಯರು ಕಂಡರು. ಆ ಬಾಲೆಯ ಪಾಠದ ಸೈನಿಕರು ಮಡಿದದ್ದು ಈ ಅರ್ಥದಲ್ಲಿ.

ಕೊನೆಯದು, ನಮ್ಮ ಮನೆಗಳನ್ನೂ ಮಠಗಳನ್ನೂ ಆಳುತ್ತಿರುವ ಮಡಿ: ಒಗೆದ ಬಟ್ಟೆ, ಶುದ್ಧಿ. ನಿಘಂಟುಕಾರರು ಇವನ್ನೆಲ್ಲ ಒಂದೇ ಗಂಟಿನಲ್ಲಿ ಕಟ್ಟುವುದಿಲ್ಲ. ಒಂದೇ ಧ್ವನಿಯಿದ್ದ ಮಾತ್ರಕ್ಕೆ ಒಂದೇ ಮೂಲವೆಂದು ಹೇಳಬಾರದು. ಇಂಗ್ಲಿಷಿನಲ್ಲಿ ಕುರಿಯ ದೊಡ್ಡಿಗೂ ‘ಫೋಲ್ಡ್’ ಎನ್ನುತ್ತಾರೆ. ಅದಕ್ಕೂ ಮಡಿಸುವುದಕ್ಕೂ ಯಾವ ಸಂಬಂಧವೂ ಇಲ್ಲ. ಶಬ್ದಗಳ ನಂಟಸ್ತನವನ್ನು ಹೇಳುವವರಿಗೆ ಈ ಎಚ್ಚರ ಇರತಕ್ಕದ್ದು. ಆದರೆ ಈ ಕೊನೆಯ ಮಡಿಯ ಒಳಗೇ ಎರಡು ಅರ್ಥಗಳಿವೆಯಷ್ಟೆ: ಒಗೆದ ಬಟ್ಟೆಯೆಂಬುದು ಒಂದು, ಮುಟ್ಟಬಾರದ ಶುದ್ಧಿಯೆಂಬುದು ಇನ್ನೊಂದು. ಇವುಗಳಲ್ಲಿ ಯಾವುದು ಮೊದಲು? ಇದಕ್ಕೆ ನಮ್ಮ ಭಾಷೆಯೇ ಸಾಕ್ಷಿ ನುಡಿಯುತ್ತದೆ.

ಹಳಗನ್ನಡದಲ್ಲಿ ‘ವಳ’ ಎಂಬ ಪ್ರತ್ಯಯವುಂಟು. ಹಡಪವನ್ನು, ಎಂದರೆ ಎಲೆಯಡಿಕೆಯ ಚೀಲವನ್ನು, ಹಿಡಿಯುವವನು ಹಡಪವಳ. ಮಡಿಯನ್ನು ಮಾಡುವವನು ಮಡಿವಳ, ಅವನೇ ಮಡಿವಾಳ. ‘ಮಡಿ’ ಎಂಬುದಕ್ಕೆ ಮೊದಲಿನಿಂದಲೂ ಪೂಜೆಯ ಶುದ್ಧಿ, ಮುಟ್ಟಬಾರದ ಸ್ಥಿತಿ ಎಂಬುದೇ ಅರ್ಥವಾಗಿದ್ದರೆ, ಮಡಿವಾಳನೆಂಬುದು ಪುರೋಹಿತನ ಹೆಸರಾಗಬೇಕಾಗಿತ್ತು. ಆಗಲಿಲ್ಲ. ಅದು ಹಳ್ಳದಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು ಬಟ್ಟೆ ಒಗೆಯುವವನ ಹೆಸರಾಯಿತು. ಎಂದರೆ ಮೊದಲು ಇದ್ದದ್ದು ಒಗೆದ ಬಟ್ಟೆ. ಅದನ್ನು ಉಟ್ಟವನ ಸ್ಥಿತಿಗೆ ಆ ಹೆಸರು ಹತ್ತಿದ್ದು ಅನಂತರ. ಇದಕ್ಕೆ ಎದುರಾದ ‘ಮೈಲಿಗೆ’ಯ ಕಥೆಯೂ ಹೀಗೆಯೇ. ಪ್ರಾಕೃತದಲ್ಲಿ ‘ಮಇಲ’ವೆಂದರೆ ಕೊಳೆಯಾದದ್ದು, ಹಿಂದಿಯ ‘ಮೈಲಾ’ ಅದರ ಸೋದರ. ಕೊಳೆಯಾದ ಬಟ್ಟೆ ಮೈಲಿಗೆ, ಒಗೆದ ಬಟ್ಟೆ ಮಡಿ. ನೆರೆಯ ಮರಾಠಿಯಲ್ಲಿಯೂ ‘ಸೋವಳೆ’ ಎಂಬ ಮಾತು ಶುದ್ಧಿಯ ಸ್ಥಿತಿಗೂ ಸಲ್ಲುತ್ತದೆ, ಆಗ ಉಡುವ ವಸ್ತ್ರಕ್ಕೂ ಸಲ್ಲುತ್ತದೆ.

ಆ ಮಧ್ಯಾಹ್ನ ಗ್ರಂಥಾಲಯದಲ್ಲಿ ಇದನ್ನು ಓದುತ್ತ ಕುಳಿತವನಿಗೆ ಆಯಿಯ ಮಾತು ಕಿವಿಯಲ್ಲಿ ಕೇಳಿಸಿತು. ‘ನಿನ್ನ ಮಡಿ ನನ್ನ ಕೈಯಾಗ ಇತ್ತು.’ ಪಂಡಿತರು ನೂರಾರು ಪುಟಗಳಲ್ಲಿ ಶೋಧಿಸಿದ ವ್ಯುತ್ಪತ್ತಿಯನ್ನು ಅಕ್ಷರ ತಿಳಿಯದ ಆ ಹೆಣ್ಣುಮಗಳು ಕಟ್ಟೆಯ ಕೆಳಗೆ ನಿಂತು ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದಳು. ಮಡಿಯೆಂಬುದು ಉಟ್ಟವನು ಹುಟ್ಟಿಸಿದ್ದಲ್ಲ. ಒಬ್ಬರು ದುಡಿದು ಮಾಡಿದ್ದು, ಇನ್ನೊಬ್ಬರು ಉಟ್ಟುಕೊಂಡದ್ದು. ಉಟ್ಟುಕೊಂಡವನು ಮಾಡಿದವಳಿಗೆ ‘ದೂರ ನಿಲ್ಲು’ ಎಂದಿದ್ದ.

ಶರಣರು ಇದನ್ನು ತಿಳಿದಿರಲಿಲ್ಲವೆ? ತಿಳಿದಿದ್ದರು. ಹನ್ನೆರಡನೆಯ ಶತಮಾನದಲ್ಲಿ ದೇವರ ಹಿಪ್ಪರಗಿಯಿಂದ ಕಲ್ಯಾಣಕ್ಕೆ ಬಂದ ಮಡಿವಾಳ ಮಾಚಿದೇವರು ಬಟ್ಟೆ ಒಗೆಯುವುದನ್ನೇ ಕಾಯಕವಾಗಿ ಮಾಡಿದವರು. ಶರಣರ ಬಟ್ಟೆಗಳನ್ನು ಒಗೆದು ಹೊತ್ತು ತರುವಾಗ, ಅವನ್ನು ಯಾರೂ ಮುಟ್ಟಕೂಡದೆಂದು ಸಾರುತ್ತ ವೀರಾವೇಶದಿಂದ ನಡೆಯುತ್ತಿದ್ದರೆಂದು ಪುರಾಣಕಾವ್ಯಗಳು ಹೇಳುತ್ತವೆ. ಈ ಕಥೆಯನ್ನು ಚಿಕ್ಕಂದಿನಲ್ಲಿ ಕೇಳಿದಾಗ, ಅವರೂ ನನ್ನಂತೆಯೇ ಮಡಿ ಮಾಡುತ್ತಿದ್ದರೆಂದು ತಿಳಿದಿದ್ದೆ. ಈಗ ಬೇರೆಯಾಗಿ ತೋರುತ್ತದೆ. ‘ಮುಟ್ಟಬೇಡ’ ಎಂಬ ಮಾತನ್ನು ಜೀವನವೆಲ್ಲ ಕೇಳಬೇಕಾಗಿದ್ದ ಕುಲದ ಒಬ್ಬ ಪುರುಷನು, ಆ ಮಾತನ್ನೇ ಬಾಯಿಯಿಂದ ಕಸಿದುಕೊಂಡು ಅರಸು ಪರಿವಾರಕ್ಕೆ ತಿರುಗಿಸಿ ಹೇಳಿದನು. ಒಗೆಯುವವನೇ ಮಡಿಗೆ ಒಡೆಯನೆಂದು ಸಾರಿದನು. ಕಲ್ಯಾಣದ ವಿಪ್ಲವದ ಕಾಲದಲ್ಲಿ ಶರಣರನ್ನೂ ವಚನಗಳ ಕಟ್ಟುಗಳನ್ನೂ ಕಾಯ್ದುಕೊಂಡು ಉಳವಿಯತ್ತ ನಡೆದವರಲ್ಲಿ ಮಾಚಿದೇವರು ಮುಂದಾಳು. ಆ ದಾರಿ ನಮ್ಮ ಧಾರವಾಡ ಸೀಮೆಯ ಮೂಲಕವೇ ಹಾಯ್ದಿತೆಂದು ಪರಂಪರೆ ನಂಬುತ್ತದೆ. ವಚನಗಳು ನಮ್ಮ ಕೈಗೆ ಬಂದದ್ದು ಅಗಸನ ಕೈಯಿಂದ ಎಂಬುದನ್ನು ಮರೆಯಬಾರದು.

ಲಿಂಗವಂತರಿಗೆ ಪಂಚಸೂತಕಗಳಿಲ್ಲವೆಂದು ನಾವು ವೇದಿಕೆಯ ಮೇಲೆ ಹೇಳುತ್ತೇವೆ. ಜನನ, ಮರಣ, ರಜಸ್ಸು, ಎಂಜಲು, ಜಾತಿ—ಈ ಐದೂ ಲಿಂಗಧಾರಿಗೆ ಸೂತಕವಲ್ಲ. ಹೇಳಿ ಮನೆಗೆ ಬಂದು ‘ಮಡಿ’ ಎಂಬ ಎರಡಕ್ಷರದ ಹಿಂದೆ ಆ ಐದನ್ನೂ ಬಚ್ಚಿಡುತ್ತೇವೆ. ನಮ್ಮ ಗರಗದ ಸುತ್ತ ಯಾವ ಓಣಿಗೆ ಹೋಗಿ ‘ಮಡಿವಾಳಪ್ಪಾ’ ಎಂದು ಕೂಗಿದರೂ ನಾಲ್ಕು ಮನೆಯಿಂದ ‘ಓ’ ಎನ್ನುತ್ತಾರೆ. ಅಜ್ಜನವರ ಮೇಲಿನ ಭಕ್ತಿಯಿಂದ ಎಲ್ಲ ಜಾತಿಯವರೂ ಮಕ್ಕಳಿಗೆ ಇಟ್ಟ ಹೆಸರು ಅದು. ನಾನು ಕಂಡ ಕಾಲದಲ್ಲಿ, ಮಗನಿಗೆ ಮಡಿವಾಳಪ್ಪನೆಂದು ಹೆಸರಿಟ್ಟ ಕೆಲವು ಮನೆಗಳ ಪಡಸಾಲೆಯನ್ನು ಮಡಿವಾಳರು ಏರುವಂತಿರಲಿಲ್ಲ. ಆ ಮನೆಗಳಲ್ಲಿ ನಮ್ಮದೂ ಒಂದು.

ಇನ್ನು ನಾನು ಮಾಡಿದ ಎರಡನೆಯ ತಪ್ಪನ್ನು ಹೇಳಬೇಕು. ಪಟ್ಟಾಧಿಕಾರವಾದ ಕೆಲವು ವರ್ಷಗಳ ಮೇಲೆ ಹುಟ್ಟಿದೂರಿನ ಭಕ್ತರು ನನ್ನನ್ನು ಬರಮಾಡಿಕೊಂಡರು. ಪಲ್ಲಕ್ಕಿ ಬೇಡವೆಂದು ನಡೆದೇ ಹೊರಟೆ. ಗುರುಗಳೂ ದೇವರೂ ಬರುವ ದಾರಿಯಲ್ಲಿ ಮಡಿವಾಳರು ಒಗೆದ ಬಟ್ಟೆ ಹಾಸುವುದು ಹಿಂದಿನಿಂದ ಬಂದ ಸೇವೆ. ಅದಕ್ಕೆ ನಡೆಮಡಿ ಎಂದು ಹೆಸರು. ಓಣಿಯ ತಿರುವಿನಲ್ಲಿ ನೋಡಿದರೆ, ಬೆನ್ನು ಬಾಗಿದ ಆಯಿ ತಾನೇ ಬಿಳಿಯ ಬಟ್ಟೆಯನ್ನು ಹಾಸುತ್ತಿದ್ದಾಳೆ. ನನ್ನ ಎದೆ ಧಸಕ್ಕೆಂದಿತು. ಆಕೆ ಒಗೆದದ್ದರ ಮೇಲೆ ಹೇಗೆ ಕಾಲಿಡಲಿ ಎಂದುಕೊಂಡು, ಬಟ್ಟೆಯನ್ನು ಬಿಟ್ಟು ಪಕ್ಕದ ಮಣ್ಣಿನಲ್ಲಿ ನಡೆದೆ. ನೆರೆದವರು, ಸ್ವಾಮಿಗಳು ಎಂಥ ಸರಳರು ಎಂದು ಕೊಂಡಾಡಿದರು. ನನಗೂ ಒಳಗೊಳಗೆ ಸಮಾಧಾನವಾಯಿತು.

ಸಂಜೆ ತಿಳಿಯಿತು, ಆಯಿ ಊಟ ಮಾಡಿಲ್ಲವೆಂದು. ಮರುದಿನ ಬೆಳಿಗ್ಗೆ ಆಕೆಯ ಮನೆಗೆ ಹೋದೆ. ಚಾಪೆಯ ಮೇಲೆ ಕೂಡಿಸಿ, ಆಕೆ ದೂರ ನಿಂತೇ ಕೇಳಿದಳು: “ಅಜ್ಜಾರ, ಊರಾಗ ಎಲ್ಲಾರ ಸೇವಾನೂ ತಗೊಂಡ್ರಿ. ಹೂವಿನವರದು ತಗೊಂಡ್ರಿ, ಡೊಳ್ಳಿನವರದು ತಗೊಂಡ್ರಿ. ನನ್ನದಷ್ಟ ಯಾಕ ಬ್ಯಾಡಾತು?” ನನಗೆ ಮಾತು ಹೊರಡಲಿಲ್ಲ. ಹತ್ತು ವರ್ಷದವನಾಗಿದ್ದಾಗ ಆಕೆಯ ಕೈಯಿಂದ ಬಟ್ಟೆ ತೆಗೆದುಕೊಳ್ಳಲಿಲ್ಲ. ಸ್ವಾಮಿಯಾದ ಮೇಲೆ ಆಕೆ ಹಾಸಿದ ಬಟ್ಟೆಯನ್ನು ತುಳಿಯಲಿಲ್ಲ. ಮೊದಲನೆಯದಕ್ಕೆ ಅಹಂಕಾರ ಕಾರಣ, ಎರಡನೆಯದಕ್ಕೆ ವಿನಯ. ಆದರೆ ಆಕೆಯ ಪಾಲಿಗೆ ಎರಡೂ ಒಂದೇ ಆಗಿದ್ದವು. ಎರಡು ಸಲವೂ ನಾನು ಯೋಚಿಸಿದ್ದು ನನ್ನ ಶುದ್ಧಿಯನ್ನು, ಆಕೆಯ ಮನಸ್ಸನ್ನಲ್ಲ.

ಆಗ ಶಿವರಾತ್ರಿಯ ಆ ಬೆಳಗನ್ನು ನೆನಪಿಸಿ ಕ್ಷಮೆ ಕೇಳಿದೆ. ಆಯಿ ಸ್ವಲ್ಪ ಹೊತ್ತು ನನ್ನ ಮುಖ ನೋಡಿ, “ನನಗ ನೆನಪಿಲ್ಲರಿ ಅಜ್ಜಾರ. ಅಂಥಾ ಮಾತು ಎಷ್ಟ ಮಂದಿ ಅಂದಾರ, ಯಾವುದನ್ನಂತ ನೆನಪ ಇಟ್ಟಕೊಳ್ಳಲಿ?” ಎಂದಳು. ಇಪ್ಪತ್ತು ವರ್ಷ ನಾನು ಎದೆಯಲ್ಲಿ ಹೊತ್ತುಕೊಂಡಿದ್ದ ತಪ್ಪು ಆಕೆಯ ಲೆಕ್ಕದಲ್ಲಿ ನೂರರೊಳಗೆ ಒಂದಾಗಿತ್ತು. ನನ್ನನ್ನು ಬೈದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ. ಆ ದಿನ ಆಕೆಯ ಕೈಯಿಂದ ಒಂದು ತಂಬಿಗೆ ನೀರು ಕೇಳಿ ಕುಡಿದೆ. ಏಳುವಾಗ ಆಕೆ ಒಳಗಿನಿಂದ, ಹಿಂದಿನ ದಿನ ಹಾಸಿದ್ದ ಬಟ್ಟೆಯನ್ನು ತಂದಳು. ಅದನ್ನು ಮತ್ತೆ ಒಗೆದು, ನಾಲ್ಕು ಮಡಿಕೆ ಮಾಡಿ ಇಟ್ಟಿದ್ದಳು. ಎರಡೂ ಕೈ ಚಾಚಿ, ಆಕೆಯ ಕೈಗೆ ಕೈ ತಾಗುವಂತೆ ಅದನ್ನು ತೆಗೆದುಕೊಂಡೆ. ಈಗಲೂ ನನ್ನ ಪೂಜೆಯ ಮಣೆಯ ಮೇಲೆ ಹಾಸುವುದು ಅದೇ ಬಟ್ಟೆ.

ಆಯಿ ಈಗಿಲ್ಲ. ಊರಿನವರು ಸುದ್ದಿ ತಿಳಿಸಿದಾಗ ನನಗೆ ಮೊದಲು ನೆನಪಾದದ್ದು ನಿಘಂಟಿನ ಆ ಪುಟ. ಜೀವಮಾನವೆಲ್ಲ ಮಡಿ ಮಾಡಿದವಳು ಮಡಿದಳು.

ನಮ್ಮ ಮಠದ ದಾಸೋಹದ ಅಡಿಗೆಮನೆಯ ಬಾಗಿಲಿಗೆ ‘ಮಡಿಯಲ್ಲಿದ್ದವರಿಗೆ ಮಾತ್ರ ಪ್ರವೇಶ’ ಎಂಬ ಹಲಗೆ ಬಹಳ ಕಾಲದಿಂದ ಇತ್ತು. ಗರಗದಿಂದ ಮರಳಿದ ವಾರ ಅದನ್ನು ತೆಗೆಸಿದೆ. ಕೈಕಾಲು ತೊಳೆದು, ಒಗೆದ ಬಟ್ಟೆ ಉಟ್ಟವರೆಲ್ಲ ಮಡಿಯಲ್ಲಿದ್ದವರೇ ಎಂದು ಹೇಳಿದೆ. ಕೆಲವು ಹಿರಿಯರು ಮುನಿಸಿಕೊಂಡು ಕೆಲವು ತಿಂಗಳು ಪ್ರಸಾದಕ್ಕೆ ಬರಲಿಲ್ಲ. ಅವರಲ್ಲಿ ಹೆಚ್ಚಿನವರು ಮರಳಿ ಬಂದರು, ಇಬ್ಬರು ಬರಲೇ ಇಲ್ಲ. ಅವರ ಬಗ್ಗೆ ನನಗೆ ಕೋಪವಿಲ್ಲ. ಹತ್ತು ವರ್ಷದ ನನಗೆ ಯಾರೂ ಹೇಳದಿದ್ದಂತೆ ಅವರಿಗೂ ಯಾರೂ ಹೇಳಿರಲಿಲ್ಲ.

ಗರಗದ ನೇಕಾರಿಕೆಯ ಶಾಲೆಗೆ ಹೋದವರು ನೋಡಿರಬಹುದು: ನೂಲುವವರು, ನೇಯುವವರು ಬಹುತೇಕ ಹೆಣ್ಣುಮಕ್ಕಳು. ಆ ಬಟ್ಟೆ ಮುಂದೆ ಬಿಳುಪಾಗಿ, ಬಣ್ಣ ಹೊಂದಿ, ಧ್ವಜವಾಗಿ ಏರುತ್ತದೆ. ಇಳಿಸಿದ ಮೇಲೆ ಅದನ್ನು ಮಡಿಸುವುದಕ್ಕೂ ಒಂದು ಕ್ರಮವುಂಟು. ಕೇಸರಿ ಹಸಿರುಗಳನ್ನು ಬಿಳಿಯ ಕೆಳಗೆ ಮಡಿಸಿ, ಚಕ್ರ ಮೇಲೆ ಕಾಣುವಂತೆ ಮಾಡಿ, ಎರಡೂ ಅಂಗೈಗಳ ಮೇಲೆ ಹೊತ್ತು ಒಯ್ಯಬೇಕು. ಅದಕ್ಕೆ ವಂದಿಸುವಾಗ, ನೂತವರ ಕುಲ ಯಾವುದು, ಒಗೆದವರ ಕುಲ ಯಾವುದು ಎಂದು ಯಾರೂ ಕೇಳುವುದಿಲ್ಲ. ಧ್ವಜಕ್ಕೆ ಕೊಡುವ ಈ ಮರ್ಯಾದೆಯನ್ನು ನಾವು ಉಡುವ ಪಂಚೆಗೂ ಕೊಡಬಹುದಲ್ಲವೆ?

ಆ ಬಾಲೆಗೆ ಈಗ ಪತ್ರ ಬರೆದಿದ್ದೇನೆ. ‘ಮಗು, ಸೈನಿಕರು ಮಡಿದದ್ದು ಬೇರೆ, ನಿಮ್ಮ ತಾಯಿಯ ಮಡಿ ಬೇರೆ. ಆದರೆ ಮಡಿಯೆಂದರೆ ಮೊದಲು ಒಗೆದ ಬಟ್ಟೆ, ಆಮೇಲೆ ಉಳಿದದ್ದೆಲ್ಲ. ಅದನ್ನು ಒಗೆದವರು ಯಾರೆಂದು ನಿಮ್ಮ ತಾಯಿಯನ್ನು ಕೇಳು’ ಎಂದು. ಇಂದು ನಗರಗಳಲ್ಲಿ ಒಗೆಯುವುದು ಯಂತ್ರವಿರಬಹುದು. ಆದರೂ ಇಸ್ತ್ರಿಯ ಗಾಡಿಯ ಹತ್ತಿರ ನಿಂತ ಒಬ್ಬ ಮನುಷ್ಯ ಎಲ್ಲ ಊರುಗಳಲ್ಲಿಯೂ ಇದ್ದಾನೆ. ಪ್ರತಿವರ್ಷ ಫೆಬ್ರವರಿ ೧ರಂದು ಮಾಚಿದೇವರ ಜಯಂತಿಯನ್ನು ಆಚರಿಸುವ ಭಕ್ತರು, ಹಾರ ಹಾಕುವ ಮುನ್ನ ಆ ಮನುಷ್ಯನ ಹೆಸರನ್ನು ಒಮ್ಮೆ ಕೇಳಿ ತಿಳಿದುಕೊಳ್ಳಲಿ. ನಮ್ಮ ಆಯಿಯ ನಿಜವಾದ ಹೆಸರನ್ನು ನಾನು ಕೇಳಿದ್ದು ಆಕೆ ತೀರಿಕೊಂಡ ಮೇಲೆ.